ರಾಚವ್ವ ಬಾಗಿಲಿಗೆ ಅಡ್ಡ ನಿಂತಳು

ಮುಲುಂಡ್,
ಶನಿವಾರ, ತಾ. ೨೫-೯-೧೯೫೪

ಪ್ರೀತಿಯ ತಂಗಿ ಸೇವಂತಿಗೆ,

ನಿನ್ನ ಕಾಗದ ಬಂದು ಹದಿನೈದು ದಿನದ ಮೇಲಾಯಿತು. ಅಕ್ಕ ಉತ್ತರ ಬರೆಯಲಿಲ್ಲವೆಂದು ನಿನಗೆ ಸಿಟ್ಟು ಬಂದಿರಬೇಕು. ಬರಬೇಕಾದದ್ದೇ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ "ನಾವಿಲ್ಲಿ ಎಲ್ಲರೂ ಚೆನ್ನಾಗಿದ್ದೇವೆ" ಎಂದು ಬರೆದು ಮುಂದೆ ತಿಳಿಯದೆ ಎದ್ದುಬಿಟ್ಟೆ. ಇವತ್ತು ಅರ್ಧ ದಿನದ ಶಾಲೆ. ನಮ್ಮ ಮನೆಯವರು ಪರೇಲಿನ ಗಿರಣಿಯ ಕಚೇರಿ ಮುಗಿಸಿ ಲೋಕಲ್ ಹಿಡಿದು ಬರುವುದಕ್ಕೆ ಇನ್ನೂ ಹೊತ್ತಿದೆ. ಮುಗಿಸಿಯೇ ಏಳುತ್ತೇನೆ.

ನಿಮ್ಮೂರಿಗೆ ಹೊಳೆ ನುಗ್ಗಿದ ಸುದ್ದಿ ಕೇಳಿ ನನ್ನ ಜೀವ ಹೋದಂತಾಗಿತ್ತು. ನೀನು ಕ್ಷೇಮವೆಂದು ನಿನ್ನ ಅಕ್ಷರ ನೋಡಿದ ಮೇಲೆಯೇ ಉಸಿರು ಬಂತು. ಅರ್ಧ ಊರು ಇನ್ನೂ ಸಂತೆ ಕಟ್ಟೆಯ ಮೇಲೆಯೇ ಇದೆ, ಶಾಲೆ ತೆರೆದರೂ ಮಕ್ಕಳು ಸುಮ್ಮನೆ ಕೂರುತ್ತಾರೆ, ತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ದಿನವಿಡೀ ಪಾಟಿ ಒರೆಸುತ್ತಾಳೆ, ಒಂದಕ್ಷರ ಬರೆಯುವುದಿಲ್ಲ ಎಂದೆಲ್ಲ ಬರೆದಿದ್ದೀ. "ಅಕ್ಕಾ, ಟ್ರೇನಿಂಗಿನ್ಯಾಗ ಇದನ್ನ ಯಾರೂ ಕಲಿಸಲಿಲ್ಲ. ನೀ ಹದಿನಾಲ್ಕು ವರ್ಷ ಕಲಿಸೀದಿ. ಏನ ಮಾಡ್ಲಿ ಹೇಳು" ಎಂದು ಕೇಳಿದ್ದೀ.

ಹೇಳುತ್ತೇನೆ. ಆದರೆ ನನಗೆ ಗೊತ್ತಿರುವುದು ಪುಸ್ತಕದಿಂದ ಬಂದದ್ದಲ್ಲ. ಇಲ್ಲಿಯೂ ಜುಲೈ ತಿಂಗಳಲ್ಲಿ ಗುಡ್ಡ ಜರಿಯಿತು, ಸೇವಂತಿ. ನಿನಗೆ ಬರೆಯಲಿಲ್ಲ, ಅವ್ವನಿಗೂ ತಿಳಿಸಲಿಲ್ಲ.

ನಮ್ಮ ಶಾಲೆಯನ್ನು ನೀನು ನೋಡಿಲ್ಲ. ಸ್ಟೇಷನ್ನಿನಿಂದ ಗುಡ್ಡದ ಕಡೆಗೆ ಇಪ್ಪತ್ತು ನಿಮಿಷದ ದಾರಿ. ಮರಾಠಿ, ಗುಜರಾತಿ ವರ್ಗಗಳಿಗೆ ಹಂಚಿನ ಕಟ್ಟಡವಿದೆ. ಕನ್ನಡದ ನಾಲ್ಕು ಇಯತ್ತೆಗಳಿಗೂ ಸೇರಿ ಹಿಂದುಗಡೆ ತಗಡಿನ ಮಾಡಿನ ಒಂದೇ ಕೋಣೆ, ಕಲಿಸುವವಳು ನಾನೊಬ್ಬಳೇ. ನಲವತ್ತೊಂದು ಮಕ್ಕಳು. ಕೆಲವರು ಉಡುಪಿ ಕಡೆಯ ಹೋಟೆಲಿನವರ ಮಕ್ಕಳು, ಕೆಲವರು ರೈಲ್ವೆಯವರ ಮಕ್ಕಳು. ಉಳಿದವರು ನಮ್ಮ ವಿಜಾಪುರದಿಂದ ಕಲ್ಲು ಒಡೆಯಲು ಬಂದವರ ಮಕ್ಕಳು. ಈ ಕಲ್ಲಿನ ಕೆಲಸದವರ ಗುಡಿಸಲುಗಳು ಗುಡ್ಡದ ಬುಡದಲ್ಲಿ, ಹಳೆಯ ಕಲ್ಲಿನ ಖಣಿಯ ಕೆಳಗೇ ಇದ್ದವು. ಅಲ್ಲಿಂದ ಏಳು ಮಕ್ಕಳು ಬರುತ್ತಿದ್ದರು. ಅವರಲ್ಲಿ ಇಬ್ಬರು ಗದಿಗೆಪ್ಪನೆಂಬವನ ಮಕ್ಕಳು. ನಾಲ್ಕನೇ ಇಯತ್ತೆಯ ರಾಚವ್ವನಿಗೆ ಹತ್ತು ವರ್ಷ. ಅವಳ ತಮ್ಮ ಈರಣ್ಣ ಒಂದನೇ ಇಯತ್ತೆ, ಆರು ತುಂಬಿರಲಿಲ್ಲ. ಗದಿಗೆಪ್ಪ, ಅವನ ಹೆಂಡತಿ ಅಂಬವ್ವ ಇಬ್ಬರೂ ರೈಲು ಹಳಿಗೆ ಜಲ್ಲಿ ಹಾಕುವ ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ಶಾಲೆಯ ಬಾಗಿಲವರೆಗೆ ತಂದು ಬಿಡುತ್ತಿದ್ದರು, ಸಂಜೆ ಗದಿಗೆಪ್ಪನೇ ಬಂದು ಕರೆದುಕೊಂಡು ಹೋಗುತ್ತಿದ್ದ.

ಜುಲೈ ಹನ್ನೆರಡು, ಸೋಮವಾರ. ಶನಿವಾರದಿಂದ ಮಳೆ ಒಂದು ಗಳಿಗೆ ಬಿಟ್ಟಿರಲಿಲ್ಲ. ಮಧ್ಯಾಹ್ನ ಒಂದರ ಸುಮಾರಿಗೆ ಲಾರಿಯಿಂದ ಕಲ್ಲು ಸುರಿದಂಥ ಸಪ್ಪಳವಾಯಿತು. ಖಣಿಯಲ್ಲಿ ಮದ್ದು ಸಿಡಿಸಿರಬೇಕು ಎಂದುಕೊಂಡು ನಾನು ಏಳರ ಮಗ್ಗಿ ಹೇಳಿಸುವುದನ್ನು ನಿಲ್ಲಿಸಲಿಲ್ಲ. ಮಗ್ಗಿ ಮುಗಿಯುವಷ್ಟರಲ್ಲಿ ಹೊರಗೆ ಜನ ಓಡುತ್ತಿದ್ದರು.

ಒಂಬತ್ತು ಗುಡಿಸಲುಗಳ ಮೇಲೆ ಮಣ್ಣು, ಬಂಡೆ. ಹದಿಮೂರು ಜನ ಹೋದರು. ದುಡಿಯುವವರೆಲ್ಲ ಕೆಲಸದ ಮೇಲಿದ್ದರು. ಹೋದವರು ಮುದುಕರು, ಒಬ್ಬ ಬಾಣಂತಿ, ತೊಟ್ಟಿಲ ಕೂಸುಗಳು. ಶಾಲೆಯಲ್ಲಿ ಕೂತಿದ್ದ ಐವರು ಮಕ್ಕಳು ಉಳಿದರು. ರಾಚವ್ವ, ಈರಣ್ಣ ಮಾತ್ರ ಮಧ್ಯಾಹ್ನಕ್ಕೆ ಮೊದಲೇ ಶಾಲೆಯಿಂದ ಹೋಗಿದ್ದರು. ರಾಚವ್ವ ತಮ್ಮನನ್ನು ಮಲಗಿಸಿ, ಕುಡಿಯುವ ನೀರಿಗೆಂದು ರಸ್ತೆಯ ನಳದ ಹತ್ತಿರ ಬಂದಿದ್ದಳು. ಅವಳು ನೋಡುತ್ತಿದ್ದ ಹಾಗೆಯೇ ಗುಡ್ಡ ಇಳಿಯಿತು. ಈರಣ್ಣ ಸಿಕ್ಕಿದ್ದು ಮರುದಿನ.

ಎಂಟು ದಿನ ಶಾಲೆ ಮುಚ್ಚಿತ್ತು. ಕಚ್ಛಿ ಸೇಠರೊಬ್ಬರು ತಮ್ಮ ಹುಲ್ಲು ತುಂಬಿಡುವ ವಖಾರಿಯನ್ನು ಖಾಲಿ ಮಾಡಿಸಿ ಉಳಿದವರಿಗೆಲ್ಲ ಅಲ್ಲಿ ಇರಲು ಕೊಟ್ಟರು. ಮೊದಲ ವಾರ ಮುಲುಂಡಿಗೆ ಮುಲುಂಡೇ ಬಂತು. ಅಕ್ಕಿ, ಸೀರೆ, ಬಿಸ್ಕೀಟು, ವಿಲೆ ಪಾರ್ಲೆಯಿಂದ ಕಾಲೇಜಿನ ಹುಡುಗಿಯರು ಹೊತ್ತು ತಂದ ಹೊದಿಕೆಗಳು. ಎರಡನೆಯ ವಾರ ಬರುವವರು ಕಡಿಮೆಯಾದರು, ಮೂರನೆಯ ವಾರ ಯಾರೂ ಇಲ್ಲ. ಅಳು ಗಟ್ಟಿಯಾಗಿ ಶುರುವಾಗುವುದೇ ಆಗ. ನಿಮ್ಮೂರ ಹಿರಿಯರಿಗೆ ಇದನ್ನು ಈಗಲೇ ಹೇಳಿಡು.

ಬಿಡದೆ ಬಂದವಳು ವಾರಿಜಾ. ಸ್ಟೇಷನ್ ಎದುರು ಸಣ್ಣ ಹೋಟೆಲು ಇಟ್ಟಿರುವ ಚೆನ್ನಯನ ಹೆಂಡತಿ. ಅವಳ ಮಗಳು ಅಪ್ಪಿ ನನ್ನ ಎರಡನೇ ಇಯತ್ತೆಯಲ್ಲಿದ್ದಾಳೆ. ದಿನವೂ ಹತ್ತು ಗಂಟೆಗೆ ಗಂಜಿಯ ಪಾತ್ರೆ ಇಳಿಸಿ, ಬಡಿಸಿ, ಪಾತ್ರೆ ಅಲ್ಲಿಯೇ ತೊಳೆದುಕೊಂಡು ಹೋಗುತ್ತಿದ್ದಳು. ಅಂಬವ್ವ ಗಂಜಿ ಮುಂದಿಟ್ಟುಕೊಂಡು ಕೂತೇ ಇರುತ್ತಿದ್ದಳು. ಒಂದು ದಿನ ವಾರಿಜಾ ನನ್ನನ್ನು ಪಕ್ಕಕ್ಕೆ ಕರೆದು, "ಟೀಚರೇ, ಇವಳನ್ನು ಹೀಗೆ ಕೂರಿಸಿದರೆ ಆಗ್ಲಿಕ್ಕಿಲ್ಲ. ನಾಳೆಯಿಂದ ನನ್ನೊಟ್ಟಿಗೆ ಅಕ್ಕಿ ಆರಿಸ್ಲಿಕ್ಕೆ ಬರ್ಲಿ. ಮಾತಾಡುವುದು ಬೇಡ, ಕೈಯಾದರೂ ಆಡ್ತದಲ್ಲ" ಎಂದಳು. ಅಂಬವ್ವ ಹೋದಳು. ನಾಲ್ಕನೆಯ ದಿನ ಅಕ್ಕಿ ಆರಿಸುತ್ತ ಆರಿಸುತ್ತ ಮಗನ ಹೆಸರು ಹೇಳಿ ಅತ್ತಳಂತೆ. ವಾರಿಜಾಳಿಗೆ ಅವಳ ಮಾತು ಅರ್ಧ ತಿಳಿಯುವುದಿಲ್ಲ. ಆದರೂ ಕೈಯಲ್ಲಿದ್ದ ಮೊರ ಕೆಳಗಿಟ್ಟು ಅಳು ಮುಗಿಯುವ ತನಕ ಪಕ್ಕದಲ್ಲೇ ಕೂತಿದ್ದಳು.

ಇನ್ನು ಶಾಲೆಯ ಮಾತು. ತೆರೆದ ದಿನ ನಾನು ಹಾಜರಿ ಕರೆದೆ. ಈರಣ್ಣನ ಹೆಸರು ಬಂದಾಗ ದಾಟಿಸಿ ಮುಂದಿನ ಹೆಸರು ಕರೆದೆ. ಹಿಂದಿನ ಬೆಂಚಿನಿಂದ ಅಪ್ಪಿ ಎದ್ದು, "ಈರಣ್ಣನ ಹೆಸರು ಬಿಟ್ರಿ ಟೀಚರ್" ಎಂದಳು. ನಾನು ಹಾಜರಿ ಪುಸ್ತಕದ ಪುಟ ಹಿಂದೆ ಮುಂದೆ ತಿರುಗಿಸಿದೆ. ಬಾಗಿಲಲ್ಲಿ ನಿಂತಿದ್ದ ನಮ್ಮ ಹೆಡ್‌ಮಾಸ್ತರರು ಸಹಾಯಕ್ಕೆಂದು, "ಅವಾ ದೇವರ ಮನಿಗೆ ಹೋಗ್ಯಾನ, ಎಲ್ಲಾರೂ ಸುಮ್ಮನ ಕೂಡ್ರಿ" ಎಂದರು. ಮಧ್ಯಾಹ್ನ ಒಂದನೇ ಇಯತ್ತೆಯ ಒಂದು ಕೂಸು ನನ್ನ ಸೆರಗು ಜಗ್ಗಿ, ದೇವರ ಮನೆಯಿಂದ ಈರಣ್ಣ ಯಾವಾಗ ಬರುತ್ತಾನೆ, ಅವನ ಬಳಪ ತನ್ನ ಹತ್ತಿರ ಇದೆ ಎಂದು ಕೇಳಿತು. ಆಗ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಹೇಳಿದೆ: ಈರಣ್ಣ ಸತ್ತಿದ್ದಾನೆ, ಮತ್ತೆ ಬರುವುದಿಲ್ಲ, ಅದು ಯಾರಿಗೂ ಕೊಟ್ಟ ಶಿಕ್ಷೆಯಲ್ಲ, ಮಳೆಗೆ ಗುಡ್ಡದ ಮಣ್ಣು ಸಡಿಲಾಗಿ ಜಾರಿತು. ಮಕ್ಕಳು ನಾನು ಹೆದರಿದ್ದಷ್ಟು ಹೆದರಲಿಲ್ಲ. ಪ್ರಶ್ನೆ ಕೇಳಿದರು. ಶಾಲೆಯ ಮೇಲೂ ಬೀಳುತ್ತದೆಯೇ ಎಂದು ಕೇಳಿದರು. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಗುಡ್ಡ ಎಲ್ಲಿದೆ, ನಾವು ಎಲ್ಲಿದ್ದೇವೆ, ನಡುವೆ ಎಷ್ಟು ಹೊಲ, ಎಷ್ಟು ರಸ್ತೆ ಇದೆ ಎಂದು ನಡೆಸಿ ತೋರಿಸಿದೆ. ನಿನ್ನ ಮಕ್ಕಳಿಗೂ ಸುಳ್ಳು ಹೇಳಬೇಡ. ಹೊಳೆ ಈಗ ಎಷ್ಟಿದೆಯೆಂದು ಹಗಲು ಹೊತ್ತಿನಲ್ಲಿ, ನೀನು ಕೈ ಹಿಡಿದುಕೊಂಡು ತೋರಿಸು.

ತಗಡಿನ ಮೇಲೆ ಮಳೆ ಜೋರಾದಾಗ ಗುಡ್ಡದ ಕಡೆಯ ಮಕ್ಕಳು ಬೆಂಚಿನ ಕೆಳಗೆ ತೂರಿಬಿಡುತ್ತಿದ್ದರು. ಮೊದಲು ನಾನು ಎಬ್ಬಿಸುತ್ತಿದ್ದೆ. ಆಮೇಲೆ ಬಿಟ್ಟೆ. ಅಪ್ಪಿ ಮತ್ತು ಇನ್ನು ಕೆಲವರು ತಾವಾಗಿಯೇ ಕೆಳಗೆ ಹೋಗಿ ಅವರ ಜೊತೆ ಕೂರತೊಡಗಿದರು. ಒಂದು ದಿನ ನಾನೂ ನೆಲದ ಮೇಲೆ ಕೂತು ಪಾಠ ಓದಿದೆ. ಇನ್ಸ್ಪೆಕ್ಟರು ಬಂದಿದ್ದರೆ ಏನೆನ್ನುತ್ತಿದ್ದರೋ. ಹಿಂದೆ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹೋಟೆಲಿನವರ ಮಕ್ಕಳು ಒಂದು ಕಡೆ, ಕಲ್ಲಿನವರ ಮಕ್ಕಳು ಒಂದು ಕಡೆ ಕೂರುತ್ತಿದ್ದರು. ವಖಾರಿಯಿಂದ ಬರುವವರಿಗೆ ಬುತ್ತಿಯೇ ಇರಲಿಲ್ಲ. ನಾನು ಮನೆಮನೆಗೆ ಹೋಗಿ, ನಿಮ್ಮ ಮಗುವಿನ ಡಬ್ಬಿಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಇಡಿ, ಯಾರಿಗೆಂದು ಕೇಳಬೇಡಿ ಎಂದೆ. ಇಬ್ಬರು ಬಾಗಿಲು ಹಾಕಿಕೊಂಡರು. ಉಳಿದವರೆಲ್ಲ ಇಟ್ಟರು.

ರಾಚವ್ವ ಮಾತ್ರ ಬಂದಿರಲಿಲ್ಲ. ಗದಿಗೆಪ್ಪ ಅವಳನ್ನು ಕಳಿಸಲು ಒಪ್ಪಲಿಲ್ಲ. "ಸಾಲಿ ತಪ್ಪಿಸಿ ತಮ್ಮನ್ನ ಮನಿಗೆ ಕರಕೊಂಡು ಬಂದಾಕಿಗೆ ಇನ್ನ್ಯಾತರ ಸಾಲಿರೀ" ಎಂದ, ಅವಳ ಎದುರಿಗೇ. ಅವಳು ತಲೆ ಎತ್ತಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ವಾರಿಜಾ, "ನೀನು ದಿನವಿಡೀ ಇರುವುದಿಲ್ಲ, ಹುಡುಗಿ ಇಲ್ಲಿ ಒಬ್ಬಳೇ ಏನು ಮಾಡ್ತಾಳೆ, ನನ್ನ ಅಪ್ಪಿ ಒಟ್ಟಿಗೆ ಹೋಗಿ ಬರ್ಲಿ" ಎಂದು ಹೇಗೋ ಒಪ್ಪಿಸಿ ಕರೆತಂದಳು.

ಬಂದಳು, ಆದರೆ ಬಾಯಿ ಬಿಡಲಿಲ್ಲ. ಕೋಣೆ ಗುಡಿಸುವಳು, ನೀರು ತುಂಬುವಳು, ಸಣ್ಣವರ ಮೂಗು ಒರೆಸುವಳು. ನಾನು ಬಲವಂತ ಮಾಡಲಿಲ್ಲ. ಒಂದನೇ ಇಯತ್ತೆಯವರಿಗೆ ಅಕ್ಷರ ತಿದ್ದಿಸುವ ಕೆಲಸ ಕೊಟ್ಟೆ. ಅವಳು ಬಂದ ಮೊದಲ ವಾರದಲ್ಲಿಯೇ ಒಂದು ದಿನ ಹೀಗಾಯಿತು. ಸಂಜೆ ಐದರ ಗಂಟೆ ಹೊಡೆದಾಗ ಸಣ್ಣಗೆ ಮಳೆ ಇತ್ತು. ಮಕ್ಕಳು ಎದ್ದು ಬಾಗಿಲಿಗೆ ಹೋದರೆ ರಾಚವ್ವ ಎರಡೂ ಕೈ ಚಾಚಿ ಅಡ್ಡ ನಿಂತಿದ್ದಳು. ಒಬ್ಬರನ್ನೂ ಬಿಡಲಿಲ್ಲ. ದೊಡ್ಡ ಹುಡುಗರು ದಬ್ಬಿದರೂ ಸರಿಯಲಿಲ್ಲ. ಹೆಡ್‌ಮಾಸ್ತರರು ಬಂದು ಗದರಿದರು. ನಾನು ಅವರಿಗೆ ಕೈ ಮುಗಿದು, "ಇರ್ಲಿ ಬಿಡ್ರಿ, ಮಳಿ ನಿಲ್ಲೂ ತನಕಾ ನಾವೆಲ್ಲಾ ಇಲ್ಲೇ ಕೂಡ್ತೀವಿ" ಎಂದೆ. ಮುಕ್ಕಾಲು ಗಂಟೆ ಕೂತೆವು. ಹಾಡು ಹೇಳಿದೆವು, ಮಗ್ಗಿ ಹೇಳಿದೆವು. ತಾಯಂದಿರು ಹುಡುಕಿಕೊಂಡು ಬಂದರು. ಅವರ ಕೈಗೆ ಒಂದೊಂದೇ ಮಗುವನ್ನು ಒಪ್ಪಿಸಿದ ಮೇಲೆ ರಾಚವ್ವ ಕೈ ಇಳಿಸಿದಳು.

ಮರುದಿನವೂ ಹಾಗೆಯೇ. ನಾಲ್ಕು ದಿನವಾದ ಮೇಲೆ ಕೆಲವು ತಂದೆಯರಿಗೆ ಸಿಟ್ಟು ಬಂತು. ನಾನು ಭಾನುವಾರ ಎಲ್ಲರನ್ನೂ ಶಾಲೆಗೆ ಕರೆಸಿ ಇದ್ದದ್ದನ್ನು ಹೇಳಿದೆ. ಹುಡುಗಿಗೆ ಹುಚ್ಚಲ್ಲ, ಸಣ್ಣವರು ಒಬ್ಬೊಬ್ಬರೇ ಹೋಗುವುದನ್ನು ಅವಳಿಂದ ನೋಡಲಾಗುವುದಿಲ್ಲ. ಚೆನ್ನಯ ಎದ್ದು, "ಮಳೆಗಾಲ ಮುಗಿಯುವ ತನಕ ನಾವೇ ಪಾಳಿಯ ಮೇಲೆ ಬಂದು ಕರ್ಕೊಂಡು ಹೋಗುವ. ನಮಗೂ ಸಮಾಧಾನ" ಎಂದ. ಅಂದಿನಿಂದ ದಿನಕ್ಕೆ ಮೂವರು ದೊಡ್ಡವರು ಬರುತ್ತಾರೆ. ಒಂದು ಗುಂಪು ಸ್ಟೇಷನ್ ಕಡೆಗೆ, ಒಂದು ರೈಲ್ವೆ ಚಾಳಿಗೆ, ಒಂದು ವಖಾರಿಗೆ. ರಾಚವ್ವ ತಲೆ ಎಣಿಸಿ ಒಪ್ಪಿಸುತ್ತಾಳೆ.

ಅವಳು ಮೊದಲ ಮಾತು ಆಡಿದ್ದು ಆಗಸ್ಟ್ ಕೊನೆಗೆ. ಎಲ್ಲರೂ ಊಟಕ್ಕೆ ಕೂತಾಗ ಹಲಗೆ ಒರೆಸುತ್ತ ನನ್ನ ಕಡೆ ನೋಡದೆ ಕೇಳಿದಳು. "ಈರಣ್ಣಗ ಭಾಳ ಹೊತ್ತು ನೋವಾಗಿತ್ತೇನ್ರೀ ಅಕ್ಕೋರ?" ಇಲ್ಲವ್ವ, ಏನೂ ಆಗಿಲ್ಲ ಎನ್ನಬಹುದಿತ್ತು. "ನನಗ ಗೊತ್ತಿಲ್ಲವ್ವ" ಎಂದೆ. ಅವಳು ಹಲಗೆಯನ್ನು ಕೊನೆಯ ತನಕ ಒರೆಸಿ ಬಂದು ನನ್ನ ಪಕ್ಕ ಕೂತು ರೊಟ್ಟಿ ತಿಂದಳು.

ಇಷ್ಟೇ ನನಗೆ ಗೊತ್ತಿರುವುದು. ಪಾಟಿ ಒರೆಸುವ ನಿನ್ನ ಹುಡುಗಿಯನ್ನು ಒರೆಸಲು ಬಿಡು. ಅವಳ ಪಕ್ಕ ಒಬ್ಬಳನ್ನು ಕೂರಿಸು. ಯಾರಾದರೂ ಧೈರ್ಯವಾಗಿರು ಎನ್ನಲು ಬಂದರೆ ತಡೆ. ಸಂತೆ ಕಟ್ಟೆಗೆ ಹೋಗಿ ಅವಳ ಮನೆಯವರನ್ನು ಕಂಡು ಬಾ, ಒಂದು ಸಲವಲ್ಲ, ಆಗಾಗ. ಮತ್ತು ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಕಾಲುನೋವಿಗೆ ಎಣ್ಣೆ ಕಳಿಸಿದ್ದೇನೆ, ತಲುಪಿತೇ ಬರೆ. ನಮ್ಮ ಮನೆಯವರ ಕೆಮ್ಮು ಕಡಿಮೆಯಾಗಿದೆ.

ನಿನಗೂ ನಿನ್ನ ಕೈಗೆ ಬಂದ ಆ ಮಕ್ಕಳಿಗೂ ಬಸವಣ್ಣ ನೆರಳಾಗಿರಲಿ. ನಿನ್ನ ಶಾಲೆಯ ಹಾಜರಿ ಪುಸ್ತಕದ ಎಲ್ಲ ಹೆಸರುಗಳೂ ದೊಡ್ಡವಾಗಿ ಬಾಳಲಿ.

ನಿನ್ನ ಅಕ್ಕ,
ಬಸಲಿಂಗವ್ವ

ತಾ. ಕ. ಭಾನುವಾರ ಬೆಳಗ್ಗೆ. ಲಕೋಟೆಗೆ ಅಂಟು ಹಚ್ಚಿದ್ದೆ. ಒಡೆದು ಮತ್ತೆ ಬರೆಯುತ್ತಿದ್ದೇನೆ. ಮಕ್ಕಳಿಗೆ ಸುಳ್ಳು ಹೇಳಬೇಡವೆಂದು ನಿನಗೆ ಬರೆದು, ನಾನೇ ಒಂದು ಸುಳ್ಳನ್ನು ಒಳಗಿಟ್ಟು ಕಳಿಸಲು ಆಗಲಿಲ್ಲ.

ರಾಚವ್ವ, ಈರಣ್ಣ ಮಧ್ಯಾಹ್ನಕ್ಕೆ ಮೊದಲೇ ಹೋಗಿದ್ದರು ಎಂದು ಮೇಲೆ ಬರೆದಿದ್ದೇನೆ. ಅವರಾಗಿ ಹೋಗಲಿಲ್ಲ, ಸೇವಂತಿ. ನಾನು ಕಳಿಸಿದೆ. ಆ ದಿನ ಮಾಡು ನಾಲ್ಕು ಕಡೆ ಸೋರುತ್ತಿತ್ತು. ಈರಣ್ಣ ಹೊಟ್ಟೆನೋವೆಂದು ಬೆಳಗಿನಿಂದ ಅಳುತ್ತಿದ್ದ. ಅವನನ್ನು ನೋಡಿ ಇನ್ನಿಬ್ಬರು ಶುರು ಮಾಡಿದರು. ನನ್ನ ತಲೆ ಸಿಡಿಯುತ್ತಿತ್ತು. "ಇವನ್ನ ಮನಿಗೆ ಕರಕೊಂಡು ಹೋಗು" ಎಂದೆ. ರಾಚವ್ವ ಬಾಗಿಲಲ್ಲಿ ನಿಂತು, "ಅಪ್ಪ ಬರೂ ತನಕಾ ಸಾಲಿ ಬಿಟ್ಟು ಹೋಗಬ್ಯಾಡ ಅಂದಾನ್ರೀ" ಎಂದಳು. "ನಾ ಹೇಳೀನಿ ಅಂತ ಹೇಳು, ನಡಿ" ಎಂದು ಅವಳ ಬೆನ್ನಿಗೆ ಕೈಯಿಟ್ಟು ಮಳೆಗೆ ದಬ್ಬಿದೆ. ದಬ್ಬಿದೆ ಎಂದೇ ಬರೆಯುತ್ತೇನೆ.

ತರಗತಿಯ ಮಕ್ಕಳೆಲ್ಲ ನೋಡಿದ್ದರು. ಅಕ್ಕೋರ ವಿಷಯವನ್ನು ದೊಡ್ಡವರ ಮುಂದೆ ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಮಗಳೇ ಶಾಲೆ ತಪ್ಪಿಸಿದಳೆಂದು ಗದಿಗೆಪ್ಪ ತಿಳಿದ. ಅವಳು ಅಲ್ಲವೆನ್ನಲಿಲ್ಲ, ನಾನೂ ಅಲ್ಲವೆನ್ನಲಿಲ್ಲ. ಅವಳ ತೋಳಿನ ಮೇಲೆ ಬಾಸುಂಡೆ ಕಂಡಾಗ "ಬಿದ್ದೆರೀ" ಎಂದಳು. ನಂಬಿದವಳ ಹಾಗೆ ಸುಮ್ಮನಾದೆ. ನಮ್ಮ ಮನೆಯವರಿಗೆ ಹೇಳಿಕೊಂಡಿದ್ದೆ. "ಈಗ ಹೇಳಿ ಏನ ಬರ್ತದ, ನಿನ್ನ ನೌಕರಿ ಹೋಗ್ತದ ಅಷ್ಟ" ಎಂದರು. ಅವರ ಆ ಮಾತಿನಿಂದ ನನಗೆ ಸಮಾಧಾನವಾಯಿತು. ಎರಡು ತಿಂಗಳು ಆ ಸಮಾಧಾನದಲ್ಲಿ ಉಂಡೆ, ಮಲಗಿದೆ, ಪಾಠ ಮಾಡಿದೆ.

ನಿನ್ನ ಕಾಗದ ಬಂದ ಮೇಲೆ ಆಗಲಿಲ್ಲ. ಹೋದ ಭಾನುವಾರ ವಖಾರಿಗೆ ಹೋಗಿ ಗದಿಗೆಪ್ಪನ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವನು ಮಗಳ ಕಡೆ ತಿರುಗಿ ಕೇಳಿದ. "ನೀ ಯಾಕ ಹೇಳಲಿಲ್ಲ ನನಗ?"

"ಹೇಳಿದ್ರ ನೀ ಅಕ್ಕೋರ ಮ್ಯಾಲ ಹೋಗತಿದ್ದಿ. ಅವರೂ ಇಲ್ಲದಂಗ ಆಗತಿತ್ತು" ಎಂದಳು ರಾಚವ್ವ.

ಅಂಬವ್ವ ಎದ್ದು ಬಂದು ಮಗಳ ತೋಳು ಸವರುತ್ತ ಕೂತಳು. ಗದಿಗೆಪ್ಪ ನನಗೆ ಬೈಯಲಿಲ್ಲ. ಅವನು ಬೈಯಲೆಂದೇ ನಾನು ಕಾದಿದ್ದೆ. "ಇಷ್ಟು ದಿನಾ ನಾ ಅಕಿನ್ನ ಹೊಡದೀನ್ರೀ" ಎಂದಷ್ಟೇ ಹೇಳಿ ಎದ್ದು ಹೊರಗೆ ಹೋದ.

ಸೋಮವಾರ ರಾಚವ್ವ ಬರಲಾರಳು ಎಂದುಕೊಂಡಿದ್ದೆ. ಹೆಡ್‌ಮಾಸ್ತರರಿಗೆ ಕೊಡಲು ರಾಜೀನಾಮೆಯನ್ನೂ ಬರೆದಿಟ್ಟಿದ್ದೆ. ಅದು ಇನ್ನೂ ನನ್ನ ಚೀಲದಲ್ಲಿದೆ, ಕೊಡುವುದೋ ಬಿಡುವುದೋ ತಿಳಿಯುತ್ತಿಲ್ಲ. ಗಂಟೆ ಹೊಡೆಯುವುದಕ್ಕೆ ಸ್ವಲ್ಪ ಮೊದಲು ಗದಿಗೆಪ್ಪನೇ ಅವಳ ಕೈ ಹಿಡಿದುಕೊಂಡು ಬಂದ. ಅವಳನ್ನು ಒಳಗೆ ಬಿಟ್ಟು, ಹೊಸ್ತಿಲ ಆಚೆ ನಿಂತು ಹೇಳಿದ.

"ಸಂಜಿಗೆ ನಾನ ಬರ್ತೀನಿ. ನೀವು ಕಳಿಸಬ್ಯಾಡ್ರಿ."

ದಿನವೂ ಬರುತ್ತಾನೆ. ನನ್ನ ಮುಖ ನೋಡುವುದಿಲ್ಲ.